ಹಾಡು ಬಂತು, ಹೆಸರು ಬರಲಿಲ್ಲ: ಧ್ವನಿಸಂಗ್ರಹವನ್ನು ಹೊಸ ಗಣಕಯಂತ್ರಕ್ಕೆ ಸಾಗಿಸುವ ಬಗೆ

ಗ್ರಂಥಸಂಪಾದನೆಯನ್ನು ಓದುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಓಲೆಗರಿಯ ಕಟ್ಟೊಂದು ಕೈಯಿಂದ ಕೈಗೆ ದಾಟುವಾಗ ನಡುವಿನ ಗರಿಗಳಿಗಿಂತ ಮೊದಲ ಗರಿಯೂ ಕೊನೆಯ ಗರಿಯೂ ಬೇಗ ಸವೆಯುತ್ತವೆ, ಮುರಿಯುತ್ತವೆ, ಕಳಚಿಹೋಗುತ್ತವೆ. ಕಾವ್ಯ ಉಳಿಯುತ್ತದೆ, ಕವಿ ಯಾರು, ಪ್ರತಿ ಮಾಡಿದವನು ಯಾರು, ಯಾವ ಸಂವತ್ಸರ, ಯಾವ ಊರು ಎಂಬ ವಿವರ ಆ ಗರಿಗಳೊಂದಿಗೆ ಹೋಗಿಬಿಡುತ್ತದೆ. ಹಳೆಯ ಗಣಕಯಂತ್ರದಲ್ಲಿರುವ ಸಂಗೀತಸಂಗ್ರಹವನ್ನು ಹೊಸ ಯಂತ್ರಕ್ಕೆ ಸಾಗಿಸುವಾಗ ಆಗುವುದೂ ಬಹುಮಟ್ಟಿಗೆ ಇದೇ. ಧ್ವನಿ ಬರುತ್ತದೆ. ಹಾಡಿದವರು ಯಾರು, ಎಂದು, ಎಲ್ಲಿ ಎಂಬುದು ಹಿಂದೆಯೇ ಉಳಿಯುತ್ತದೆ.

ಕಾಸರಗೋಡಿನವರಾದ ನಮಗೆ ಇದು ಬರಿಯ ಯಂತ್ರದ ಮಾತಲ್ಲ. ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ಎಷ್ಟೋ ಮನೆಗಳಲ್ಲಿ ತಾಳಮದ್ದಳೆಯ ಕ್ಯಾಸೆಟ್ಟುಗಳಿದ್ದವು, ಕೆಲವೆಡೆ ಇನ್ನೂ ಇವೆ. ಅವುಗಳಲ್ಲಿ ಒಂದಷ್ಟು ಈಚಿನ ವರ್ಷಗಳಲ್ಲಿ ಗಣಕಕ್ಕೆ ಇಳಿದಿವೆ. ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯಕ್ಕೆ ಪ್ರಸಂಗದ ಪುಸ್ತಕವಿದೆ. ಅರ್ಥಧಾರಿಗಳು ಆಡುವ ಮಾತಿಗೆ ಪುಸ್ತಕವಿಲ್ಲ. ಅದು ಆ ರಾತ್ರಿ, ಆ ಎದುರಾಳಿಯ ಮುಂದೆ, ಆಶುವಾಗಿ ಹುಟ್ಟಿದ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥಗಾರಿಕೆಯನ್ನು ಕುರಿತು ನಾಳೆ ಒಬ್ಬ ವಿದ್ಯಾರ್ಥಿ ಪ್ರಬಂಧ ಬರೆಯುವುದಾದರೆ ಅವನಿಗೆ ಮುಖ್ಯ ಆಕರ ಇಂಥ ಧ್ವನಿಮುದ್ರಣವೇ. ಅದು ಯಾವ ಊರಿನದು, ಎದುರಿಗೆ ಯಾರಿದ್ದರು ಎಂಬುದು ತಿಳಿಯದಿದ್ದರೆ ಅವನ ಕೈಗೆ ಸಿಗುವುದು ಕಾಲದೇಶಗಳಿಲ್ಲದ ಒಂದು ಕಂಠ ಮಾತ್ರ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದುಬಂದ ರಾಮಾಯಣ ಪ್ರಸಂಗಗಳ ಕರ್ತೃತ್ವವನ್ನು ಕುರಿತು ಮುಳಿಯ ತಿಮ್ಮಪ್ಪಯ್ಯನವರೂ ಶಿವರಾಮ ಕಾರಂತರೂ ಬೇರೆ ಬೇರೆ ನಿಲುವು ತಾಳಿದ್ದನ್ನು ನೀವು ಓದಿದ್ದೀರಿ. ಅಂಥದೇ ಚರ್ಚೆಗೆ ನಮ್ಮ ಕಾಲದ ಧ್ವನಿಮುದ್ರಣಗಳನ್ನೂ ನಾವಾಗಿಯೇ ಒಡ್ಡಬೇಕಾಗಿಲ್ಲ.

ಹಾಗಾದರೆ ಹಾಡಿನ ಮಾಹಿತಿ ಗಣಕದಲ್ಲಿ ಇರುವುದೆಲ್ಲಿ? ಉತ್ತರ ಒಂದಲ್ಲ, ಮೂರು. ಗೊಂದಲ ಹುಟ್ಟುವುದೂ ಇಲ್ಲಿಯೇ. ಮೊದಲನೆಯದು ಕಡತದ ಹೆಸರು ಮತ್ತು ಅದನ್ನಿಟ್ಟ ಫೋಲ್ಡರಿನ ಹೆಸರು. ಎರಡನೆಯದು ಕಡತದ ಒಡಲಿನಲ್ಲೇ ಧ್ವನಿಯ ಜೊತೆಗೆ ಅಡಗಿರುವ ಟ್ಯಾಗ್ ಎಂಬ ಚೀಟಿ. ಹಾಡಿನ ಶೀರ್ಷಿಕೆ, ಕಲಾವಿದ, ಆಲ್ಬಮ್, ವರ್ಷ ಇತ್ಯಾದಿ ಅದರಲ್ಲಿರುತ್ತವೆ. ಮೂರನೆಯದು ಹಾಡು ಕೇಳಿಸುವ ತಂತ್ರಾಂಶ ತನಗಾಗಿ ಬೇರೆಡೆ ಇಟ್ಟುಕೊಳ್ಳುವ ದಫ್ತರ. ಯಾವ ಹಾಡನ್ನು ಎಷ್ಟು ಸಲ ಕೇಳಿದಿರಿ, ಯಾವುದಕ್ಕೆ ಎಷ್ಟು ನಕ್ಷತ್ರ ಕೊಟ್ಟಿರಿ, ಯಾವ ಹಾಡುಗಳನ್ನು ಯಾವ ಅನುಕ್ರಮದಲ್ಲಿ ಪ್ಲೇಲಿಸ್ಟ್ ಆಗಿ ಜೋಡಿಸಿದಿರಿ ಎಂಬುದೆಲ್ಲ ಈ ದಫ್ತರದಲ್ಲಿದೆ. ತೆರೆಯ ಮೇಲೆ ಈ ಮೂರೂ ಒಂದೇ ಪಟ್ಟಿಯಲ್ಲಿ ಕಾಣುವುದರಿಂದ ಮೂರೂ ಒಂದೇ ಜಾಗದಲ್ಲಿವೆ ಎಂದು ನಾವು ಭಾವಿಸುತ್ತೇವೆ. ಹಾಡಿನ ಫೋಲ್ಡರನ್ನು ಪೆನ್ ಡ್ರೈವಿಗೆ ಎಳೆದು ಹಾಕಿಕೊಂಡು ಹೋದರೆ ಮೊದಲಿನ ಎರಡು ಬರುತ್ತವೆ, ಮೂರನೆಯದು ಬರುವುದಿಲ್ಲ. ಐಟ್ಯೂನ್ಸ್ ತನ್ನ ದಫ್ತರವನ್ನು ಐಟ್ಯೂನ್ಸ್ ಎಂಬ ಹೆಸರಿನ ಫೋಲ್ಡರಿನಲ್ಲಿ ಪ್ರತ್ಯೇಕ ಕಡತವಾಗಿ ಇಡುತ್ತದೆ. ವಿಂಡೋಸ್ ಮೀಡಿಯಾ ಪ್ಲೇಯರ್ ಅದನ್ನು ಬಳಕೆದಾರನ ಕಣ್ಣಿಗೆ ಸಾಮಾನ್ಯವಾಗಿ ಬೀಳದ ಒಂದು ಮೂಲೆಯಲ್ಲಿ ಇಡುತ್ತದೆ.

ದಫ್ತರವನ್ನೂ ಹುಡುಕಿ ತಂದೆವೆನ್ನಿ. ಆಗಲೂ ಒಂದು ತೊಡಕಿದೆ. ಆ ದಫ್ತರದಲ್ಲಿ ಹಾಡಿಲ್ಲ, ಹಾಡಿನ ವಿಳಾಸವಿದೆ: ಇಂಥ ಡ್ರೈವ್, ಅದರೊಳಗೆ ಇಂಥ ಫೋಲ್ಡರ್, ಅದರೊಳಗೆ ಇಂಥ ಕಡತ. ಹಳೆಯ ಯಂತ್ರದಲ್ಲಿ ಹಾಡುಗಳು ‘ಡಿ’ ಡ್ರೈವಿನಲ್ಲಿದ್ದು ಹೊಸ ಯಂತ್ರದಲ್ಲಿ ‘ಸಿ’ ಡ್ರೈವ್ ಒಂದೇ ಇದ್ದರೆ, ಅಥವಾ ಬಳಕೆದಾರನ ಹೆಸರು ಬದಲಾಗಿದ್ದರೆ, ವಿಳಾಸ ತಪ್ಪುತ್ತದೆ. ಮನೆ ಬದಲಾಯಿಸಿದವರಿಗೆ ಹಳೆಯ ವಿಳಾಸಕ್ಕೆ ಬರೆದ ಕಾಗದ ತಲಪದಂತೆ. ಐಟ್ಯೂನ್ಸ್‌ನಲ್ಲಿ ಅಂಥ ಹಾಡಿನ ಪಕ್ಕದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಕಾಣಿಸಿಕೊಳ್ಳುತ್ತದೆ. ಹಾಡು ನಾಶವಾಗಿಲ್ಲ, ತಂತ್ರಾಂಶಕ್ಕೆ ದಾರಿ ತಪ್ಪಿದೆ, ಅಷ್ಟೆ. ಇದನ್ನು ತಿಳಿಯದೆ ಗಾಬರಿಯಿಂದ ಪಟ್ಟಿಯಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಸೇರಿಸುವವರು ತಮ್ಮ ಪ್ಲೇಲಿಸ್ಟುಗಳನ್ನು ತಾವೇ ಕಳೆದುಕೊಳ್ಳುತ್ತಾರೆ. ಸುಲಭವಾದ ಉಪಾಯವೆಂದರೆ ಹೊಸ ಯಂತ್ರದಲ್ಲಿಯೂ ಅದೇ ಡ್ರೈವಿನ ಅಕ್ಷರ, ಅದೇ ಫೋಲ್ಡರಿನ ಹೆಸರು ಇರುವಂತೆ ನೋಡಿಕೊಳ್ಳುವುದು. ಹೊರಗಿನ ಹಾರ್ಡ್ ಡಿಸ್ಕಿಗೆ ಬೇಕಾದ ಅಕ್ಷರವನ್ನು ಕೊಡಲು ವಿಂಡೋಸಿನಲ್ಲಿ ಅವಕಾಶವಿದೆ.

ಇನ್ನೊಂದು ಉಪಾಯ ಹೊರಡುವ ಮುನ್ನವೇ ಮಾಡಬೇಕಾದದ್ದು. ವರ್ಷಗಟ್ಟಲೆ ಬಳಸಿದ ಗಣಕದಲ್ಲಿ ಹಾಡುಗಳೆಲ್ಲ ಒಂದೇ ಕಡೆ ಇರುವುದಿಲ್ಲ. ಕೆಲವು ಡೆಸ್ಕ್‌ಟಾಪಿನಲ್ಲಿ, ಕೆಲವು ಡೌನ್‌ಲೋಡ್ಸ್‌ನಲ್ಲಿ, ಕೆಲವು ಯಾರದೋ ಪೆನ್ ಡ್ರೈವಿನಿಂದ ನೇರವಾಗಿ ಪಟ್ಟಿಗೆ ಸೇರಿದವು. ಐಟ್ಯೂನ್ಸಿನಲ್ಲಿ ‘ಕನ್ಸಾಲಿಡೇಟ್ ಫೈಲ್ಸ್’ ಎಂಬ ಆಜ್ಞೆಯಿದೆ. ಚದರಿದ ಕಡತಗಳ ಪ್ರತಿಗಳನ್ನೆಲ್ಲ ಅದು ಒಂದೇ ಫೋಲ್ಡರಿನೊಳಗೆ ತಂದು ಕೂಡಿಸುತ್ತದೆ. ಬೇರೆ ತಂತ್ರಾಂಶ ಬಳಸುವವರು ಇದನ್ನು ಕೈಯಾರೆ ಮಾಡಬೇಕು. ಪ್ಲೇಲಿಸ್ಟುಗಳನ್ನು ಎಂ3ಯು8 ಎಂಬ ಸರಳ ಪಠ್ಯದ ರೂಪದಲ್ಲಿ ಹೊರತೆಗೆದು ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ‘ಡಿ’ ಇದ್ದಲ್ಲೆಲ್ಲ ‘ಸಿ’ ಎಂದು ಒಂದೇ ಏಟಿಗೆ ತಿದ್ದಲೂಬಹುದು.

ಇಷ್ಟು ಯಾವ ಭಾಷೆಯ ಸಂಗ್ರಹಕ್ಕೂ ಸಲ್ಲುವ ಮಾತು. ಕನ್ನಡದ ಸಂಗ್ರಹಕ್ಕೆ ಇದರ ಮೇಲೆ ಇನ್ನೊಂದು ಪದರವಿದೆ, ಅದು ಲಿಪಿಯದು. ಭಾಷೆಯ ವಿದ್ಯಾರ್ಥಿಗಳ ಅಗತ್ಯ ಹೆಚ್ಚಾಗಿ ಬೀಳುವುದು ಇಲ್ಲಿ.

ಎಂಪಿ3 ಕಡತಗಳ ಟ್ಯಾಗಿಗೆ ಐಡಿ3 ಎಂದು ಹೆಸರು. 1996ರಲ್ಲಿ ಬಂದ ಅದರ ಮೊದಲ ರೂಪ ಕಡತದ ಕೊನೆಯಲ್ಲಿ 128 ಬೈಟುಗಳಷ್ಟು ಜಾಗ ಹಿಡಿಯುತ್ತಿತ್ತು: ಶೀರ್ಷಿಕೆಗೆ 30, ಕಲಾವಿದರಿಗೆ 30, ಆಲ್ಬಮಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಉಳಿದದ್ದು ಗುರುತಿಗೂ ಪ್ರಕಾರಕ್ಕೂ. ಕೊನೆಯ ಗರಿಯಲ್ಲಿ ಬರೆದ ಪುಷ್ಪಿಕೆಯ ಹಾಗೆಯೇ ಇದೂ. ಆದರೆ ಅದು ಲ್ಯಾಟಿನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಕನ್ನಡಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಎರಡನೆಯ ರೂಪದಲ್ಲಿ ಯೂನಿಕೋಡ್ ಬಂತು, ಕನ್ನಡವೂ ಸಾಧ್ಯವಾಯಿತು. ನಡುವಣ ಕಾಲದಲ್ಲಿ ನಮ್ಮವರು ಏನು ಮಾಡಿದರು? ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಹೆಸರು ಬರೆದರು. ಆ ಫಾಂಟುಗಳಲ್ಲಿ ಗಣಕವು ಕಾಪಿಡುವುದು ಲ್ಯಾಟಿನ್ ಲಿಪಿಯ ಸಂಕೇತಗಳನ್ನೇ. ಫಾಂಟು ಅವುಗಳಿಗೆ ಕನ್ನಡದ ವೇಷ ತೊಡಿಸುತ್ತದೆ. ಚೌಕಿಯಲ್ಲಿ ಬಣ್ಣವಿರುವ ತನಕ ರಾಕ್ಷಸ, ಬಣ್ಣ ತೊಳೆದರೆ ನಮ್ಮ ನೆರೆಮನೆಯವರು. ಹೊಸ ಯಂತ್ರದಲ್ಲಿ ಆ ಫಾಂಟು ಇಲ್ಲದಿದ್ದರೆ ವೇಷ ಕಳಚಿ, ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಅನೇಕರು ಅದನ್ನು ವೈರಸ್ ಎಂದೋ ಕಡತ ಕೆಟ್ಟಿದೆ ಎಂದೋ ತಿಳಿದು ಅಳಿಸಿಬಿಡುತ್ತಾರೆ. ದಯವಿಟ್ಟು ಅಳಿಸಬೇಡಿ. ಆ ಸಾಲನ್ನು ನಕಲಿಸಿ, ಹಳೆಯ ಸಂಕೇತವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಕೊಟ್ಟರೆ ಹೆಸರು ಮರಳಿ ಬರುತ್ತದೆ. ಅಂಥ ಪರಿವರ್ತಕ ನುಡಿಯಲ್ಲೂ ಇದೆ, ಬರಹದಲ್ಲೂ ಇದೆ. ಆದರೆ ಯಾವುದರಲ್ಲಿ ಬರೆದದ್ದೋ ಅದಕ್ಕೆ ಹೊಂದುವ ಪರಿವರ್ತಕವೇ ಬೇಕು. ಒತ್ತಕ್ಷರಗಳಲ್ಲಿ ತಪ್ಪು ಉಳಿಯುವುದುಂಟು. ಕಣ್ಣಿಟ್ಟು ಓದಿ ತಿದ್ದಬೇಕು. ಈ ಪರಿವರ್ತನೆಯನ್ನು ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗ, ಅದರ ತೆರೆಯ ಮೇಲೆ ಸರಿಯಾದ ಕನ್ನಡ ಕಾಣುತ್ತಿರುವಾಗಲೇ ಮಾಡುವುದು ಜಾಣತನ.

ಯೂನಿಕೋಡಿನಲ್ಲಿ ಬರೆದ ಹೆಸರುಗಳಿಗೂ ಪಾಠಾಂತರಗಳಿವೆ. ‘ಗೋವಿಂದ’ ಎಂಬಲ್ಲಿಯ ‘ಗೋ’ ಅಕ್ಷರವನ್ನು ನೋಡಿ. ಗಕಾರದ ಮುಂದೆ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು. ಅಥವಾ ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘಚಿಹ್ನೆ ಎಂದು ಮೂರು ಸಂಕೇತಗಳಾಗಿ ಬಿಡಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ; ಎಚ್ಚರದಿಂದ ರಚಿಸದ ತಂತ್ರಾಂಶಕ್ಕೆ ಎರಡೂ ಬೇರೆ. ಮ್ಯಾಕ್ ಗಣಕಗಳ ಹಿಂದಿನ ಕಡತವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ವಿಂಡೋಸ್ ಕೊಟ್ಟದ್ದನ್ನು ಕೊಟ್ಟ ಹಾಗೆ ಇಡುತ್ತದೆ. ಆದ್ದರಿಂದ ಮ್ಯಾಕಿನಿಂದ ಬಂದ ಹಾಡೊಂದು ವಿಂಡೋಸಿನಲ್ಲಿ ಹುಡುಕಿದಾಗ ಸಿಗದೆ ಹೋಗಬಹುದು, ಅಥವಾ ಒಂದೇ ಹೆಸರಿನ ಎರಡು ಕಡತಗಳು ಅಕ್ಕಪಕ್ಕದಲ್ಲಿ ಕುಳಿತು ನಮ್ಮನ್ನು ಬೆರಗುಗೊಳಿಸಬಹುದು.

ಇದಕ್ಕಿಂತ ವ್ಯಾಪಕವಾದ, ಪೂರಾ ನಮ್ಮದೇ ಆದ ದೋಷ ಇನ್ನೊಂದಿದೆ: ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ. ‘ಕಂಸವಧೆ’ ಎಂದು ಬರೆಯುವ ಬದಲು ‘ಕ೦ಸವಧೆ’ ಎಂದು ಬೆರಳಚ್ಚಾದರೆ ಓದುವವರಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಎರಡೂ ಸೊನ್ನೆಯೇ ತಾನೆ. ಗಣಕಕ್ಕೆ ಮೊದಲನೆಯದು ಅಕ್ಷರಭಾಗ, ಎರಡನೆಯದು ಅಂಕಿ. ಹುಡುಕಿದರೆ ಸಿಗದು, ಅಕಾರಾದಿಯಲ್ಲಿ ಜೋಡಿಸಿದರೆ ಎಲ್ಲಿಯೋ ಹೋಗಿ ಬೀಳುತ್ತದೆ. ಲಿಪಿಕಾರನ ಸ್ಖಾಲಿತ್ಯಕ್ಕೆ ಇಪ್ಪತ್ತೊಂದನೆಯ ಶತಮಾನದ ಉದಾಹರಣೆ ಬೇಕೆಂದವರು ದೂರ ಹೋಗಬೇಕಿಲ್ಲ. ಊರಿನ ಹೆಸರುಗಳ ಮಾತಂತೂ ಹೇಳುವುದೇ ಬೇಡ. ಒಂದೇ ಊರು ನಮ್ಮಲ್ಲಿ ‘ಮಂಜೇಶ್ವರ’ ಎಂದೂ ‘ಮಂಜೇಶ್ವರಂ’ ಎಂದೂ ನಡೆಯುತ್ತದೆ, ಮೂರು ಲಿಪಿಗಳಲ್ಲಿ ಬರೆಯಲ್ಪಡುತ್ತದೆ. ಯಾವುದಾದರೊಂದನ್ನು ನಿಶ್ಚಯಿಸಿ ಸಂಗ್ರಹದುದ್ದಕ್ಕೂ ಅದನ್ನೇ ಬಳಸಿ. ಕನ್ನಡದ ರೂಪವನ್ನೇ ಬಳಸಿ ಎಂದು ನನ್ನ ಸಲಹೆ.

ಹೆಸರಿನ ಉದ್ದಕ್ಕೂ ಮಿತಿಯುಂಟು. ‘ತಾಳಮದ್ದಳೆ’ ಎಂಬ ಪದದಲ್ಲಿ ನಾವು ಎಣಿಸುವ ಅಕ್ಷರ ಐದು. ಯೂನಿಕೋಡಿನ ಲೆಕ್ಕದಲ್ಲಿ ಅದು ಒಂಬತ್ತು ಸಂಕೇತ. ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು, ಒಟ್ಟು 27. ಲಿನಕ್ಸ್ ಮತ್ತು ಆಂಡ್ರಾಯ್ಡ್ ಯಂತ್ರಗಳಲ್ಲಿ ಕಡತದ ಹೆಸರು ಸಾಮಾನ್ಯವಾಗಿ 255 ಬೈಟನ್ನು ಮೀರುವಂತಿಲ್ಲ. ಅಂದರೆ ಕನ್ನಡಕ್ಕೆ 85 ಸಂಕೇತ. ವಿಂಡೋಸಿನಲ್ಲಿ ಮಿತಿ 255 ಸಂಕೇತ. ಹೀಗಾಗಿ ಪ್ರಸಂಗ, ಭಾಗವತರು, ಐವರು ಅರ್ಥಧಾರಿಗಳು, ಊರು, ದಿನಾಂಕ ಎಲ್ಲವನ್ನೂ ಕಡತದ ಹೆಸರಿನಲ್ಲೇ ಬರೆದಿಟ್ಟದ್ದು ವಿಂಡೋಸಿನಲ್ಲಿ ಸುಖವಾಗಿದ್ದು, ಲಿನಕ್ಸ್ ಯಂತ್ರಕ್ಕೋ ಮೊಬೈಲಿಗೋ ಸಾಗಿಸುವಾಗ ಮುಷ್ಕರ ಹೂಡಬಹುದು. ಕಡತದ ಹೆಸರು ಚಿಕ್ಕದಾಗಿ, ಒಂದು ಕ್ರಮಸಂಖ್ಯೆಯಿಂದ ಆರಂಭವಾಗಿ, ಪ್ರಸಂಗದ ಹೆಸರಿನೊಂದಿಗೆ ಮುಗಿದರೆ ಸಾಕು. ಉಳಿದದ್ದಕ್ಕೆ ಬೇರೆ ಸ್ಥಳವಿದೆ.

ಆ ಸ್ಥಳ ಟ್ಯಾಗೇ ಎಂದು ನೀವು ಕೇಳಬಹುದು. ಒಂದು ಮಟ್ಟಕ್ಕೆ ಹೌದು. ಎಂಪಿ3ಟ್ಯಾಗ್ ಎಂಬ ತಂತ್ರಾಂಶದಿಂದ ನೂರಾರು ಕಡತಗಳ ಟ್ಯಾಗುಗಳನ್ನು ಒಟ್ಟಿಗೆ ತುಂಬಬಹುದು, ತಿದ್ದಬಹುದು. ಆದರೆ ಟ್ಯಾಗಿನ ಕಟ್ಟುನಿಟ್ಟು ಹುಟ್ಟಿದ್ದು ಒಬ್ಬ ಗಾಯಕ, ಒಂದು ಹಾಡು, ಒಂದು ಆಲ್ಬಮ್ ಎಂಬ ಲೋಕದಲ್ಲಿ. ಭಾವಗೀತೆಯಲ್ಲಿಯೇ ಅದು ಇಕ್ಕಟ್ಟಾಗುತ್ತದೆ: ‘ಕಲಾವಿದ’ ಎಂದರೆ ಹಾಡಿದವರೋ, ರಾಗ ಹಾಕಿದವರೋ, ಕವಿಯೋ? ತಾಳಮದ್ದಳೆಯಲ್ಲಿ ಕೇಳುವುದೇ ಬೇಡ. ಭಾಗವತರಿದ್ದಾರೆ, ಚೆಂಡೆ ಮದ್ದಳೆಯವರಿದ್ದಾರೆ, ಪಾತ್ರಕ್ಕೊಬ್ಬರಂತೆ ಅರ್ಥಧಾರಿಗಳಿದ್ದಾರೆ, ಪ್ರಸಂಗಕರ್ತನಿದ್ದಾನೆ. ಹೆಸರು ಬರೆದರೂ ಸಾಲದ ಸಂದರ್ಭಗಳಿವೆ. ಬಲಿಪ ನಾರಾಯಣ ಭಾಗವತ ಎಂಬ ಹೆಸರಿನವರು ಇಬ್ಬರು, ಅಜ್ಜ ಮತ್ತು ಮೊಮ್ಮಗ. ಇಬ್ಬರೂ ಹೆಸರಾಂತ ಭಾಗವತರು, ಮೊಮ್ಮಗನಿಗೆ ಅಜ್ಜನೇ ಗುರು. ಟ್ಯಾಗಿನಲ್ಲಿ ಬರಿಯ ಹೆಸರಿದ್ದರೆ ತಂತ್ರಾಂಶ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕುಳ್ಳಿರಿಸುತ್ತದೆ. ‘ಹಿರಿಯ’, ‘ಕಿರಿಯ’ ಎಂಬ ವಿಶೇಷಣವನ್ನು ತಿಳಿದವರು ಸೇರಿಸಬೇಕು. ಸೇರಿಸಬಲ್ಲ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಹೊಸ ಗಣಕ ಕೊಳ್ಳುವ ಆತುರಕ್ಕಿಂತ ಅವರ ಬಳಿ ಕುಳಿತು ಒಂದು ತಾಸು ಕೇಳುವ ಆತುರ ದೊಡ್ಡದಾಗಲಿ.

ಆದ್ದರಿಂದ ಸಂಗ್ರಹಕ್ಕೆ ಒಂದು ಪ್ರತ್ಯೇಕ ಸೂಚಿ ಬೇಕು. ಎಕ್ಸೆಲ್ ಮಾದರಿಯ ಪಟ್ಟಿ ಸಾಕು: ಕ್ರಮಸಂಖ್ಯೆ, ಪ್ರಸಂಗ ಅಥವಾ ಹಾಡು, ಭಾಗವತರು, ಪಾತ್ರ ಮತ್ತು ಅರ್ಥಧಾರಿ, ಊರು, ದಿನಾಂಕ, ಮೂಲ ಕ್ಯಾಸೆಟ್ ಯಾರಲ್ಲಿದೆ, ಯಾವ ಬದಿ. ಇದನ್ನು ಧ್ವನಿಯ ಫೋಲ್ಡರಿನ ಒಳಗೇ ಇಡಬೇಕು. ಯಾರು ಫೋಲ್ಡರನ್ನು ನಕಲಿಸಿದರೂ ಸೂಚಿ ಜೊತೆಗೆ ಹೋಗುತ್ತದೆ. ತಂತ್ರಾಂಶ ಬದಲಾದರೂ, ಅದನ್ನು ಮಾಡಿದ ಕಂಪನಿಯೇ ಮುಚ್ಚಿಹೋದರೂ ಪಟ್ಟಿ ಓದಲು ಬರುತ್ತದೆ.

ಇನ್ನು ಸಾಗಣೆ. ಮಾಧ್ಯಮದ ಬಗ್ಗೆ ಎರಡು ಮಾತು ಸಾಕು. ಹೊರಗಿನ ಹಾರ್ಡ್ ಡಿಸ್ಕ್ ಇದ್ದರೆ ಅದೇ ಉತ್ತಮ. ಪೆನ್ ಡ್ರೈವ್ ಬಳಸುವುದಾದರೆ ಅದರ ಕಡತವ್ಯವಸ್ಥೆ ಫ್ಯಾಟ್32 ಆಗಿದೆಯೇ ನೋಡಿ. ಅದರಲ್ಲಿ 4 ಜಿಬಿ ಮೀರಿದ ಒಂದು ಕಡತವನ್ನು ಇಡಲಾಗದು, ಡ್ರೈವಿನಲ್ಲಿ ಎಷ್ಟೇ ಜಾಗವಿದ್ದರೂ. ಹಾಡುಗಳಿಗೆ ಇದು ತೊಂದರೆಯಲ್ಲ. 128 ಕಿಲೋಬಿಟ್ಟಿನ ಎಂಪಿ3 ಒಂದು ನಿಮಿಷಕ್ಕೆ ಸುಮಾರು 1 ಎಂಬಿ. ಸಿಡಿ ಗುಣಮಟ್ಟದ ವೇವ್ ಕಡತ ನಿಮಿಷಕ್ಕೆ 10 ಎಂಬಿಗಿಂತ ತುಸು ಹೆಚ್ಚು. ಆದರೆ 96 ಕಿಲೋಹರ್ಟ್ಸ್, 24 ಬಿಟ್ ಎಂಬ ಉನ್ನತ ಗುಣಮಟ್ಟದಲ್ಲಿ ಮಾಡಿದ ಧ್ವನಿಮುದ್ರಣ ಎರಡು ಗಂಟೆ ದಾಟುತ್ತಲೇ ಆ ಮಿತಿಯನ್ನು ಮುಟ್ಟುತ್ತದೆ. ತಾಳಮದ್ದಳೆ ಎರಡು ಗಂಟೆಗೆ ಮುಗಿದ ದೃಷ್ಟಾಂತ ಅಪರೂಪವೇ. ಡ್ರೈವನ್ನು ಎಕ್ಸ್‌ಫ್ಯಾಟ್ ರೂಪಕ್ಕೆ ತಂದರೆ ಈ ತೊಡಕಿಲ್ಲ. ಹಾಗೆ ತರುವಾಗ ಅದರಲ್ಲಿರುವುದೆಲ್ಲ ಅಳಿಯುತ್ತದೆ ಎಂಬುದು ನೆನಪಿರಲಿ.

ವಾಟ್ಸ್‌ಆಪಿನ ಮೂಲಕ ಹಾಡು ಸಾಗಿಸುವ ಅಭ್ಯಾಸ ಮಾತ್ರ ಬೇಡ. ಅದು ಕಡತಗಳಿಗೆ ತನ್ನದೇ ಆದ ಹೆಸರನ್ನು, ಸಾಗಿಸಿದ ದಿನದ ದಿನಾಂಕದೊಂದಿಗೆ, ಇಟ್ಟುಬಿಡುತ್ತದೆ. ದಿನಾಂಕದ ವಿಷಯ ಸಾಮಾನ್ಯ ನಕಲಿನಲ್ಲೂ ಸೂಕ್ಷ್ಮವೇ. ವಿಂಡೋಸಿನಲ್ಲಿ ಕಡತವನ್ನು ನಕಲಿಸಿದಾಗ ‘ಮಾರ್ಪಾಡಾದ ದಿನ’ ಹಾಗೆಯೇ ಉಳಿಯುತ್ತದೆ, ‘ಸೃಷ್ಟಿಯಾದ ದಿನ’ ನಕಲಾದ ದಿನವಾಗುತ್ತದೆ. ಡಿಜಿಟಲ್ ಯಂತ್ರದಲ್ಲಿ ನೇರವಾಗಿ ಮುದ್ರಿಸಿಕೊಂಡ ಕೂಟಕ್ಕೆ ಕೆಲವೊಮ್ಮೆ ಉಳಿದಿರುವ ಏಕೈಕ ಕಾಲಸೂಚನೆ ಇದೇ. ಕವಿಗಳ ಕಾಲನಿರ್ಣಯಕ್ಕೆ ಮಂಜೇಶ್ವರದ ಗೋವಿಂದ ಪೈಗಳು (1883–1963) ಪಟ್ಟ ಶ್ರಮವನ್ನು ಬಲ್ಲವರು ಒಂದು ದಿನಾಂಕದ ಬೆಲೆಯನ್ನು ಬಲ್ಲರು. ನಕಲಿಸುವ ಮೊದಲೇ ಅದನ್ನು ಸೂಚಿಯಲ್ಲಿ ಬರೆದಿಡಿ.

ನಕಲು ಮಾಡುವುದೆಂದರೆ ಕಾಪಿ, ಕಟ್ ಅಲ್ಲ. ಮುಗಿದ ಮೇಲೆ ಎರಡೂ ಕಡೆ ಕಡತಗಳ ಸಂಖ್ಯೆ ಮತ್ತು ಒಟ್ಟು ಗಾತ್ರ ಸರಿಹೊಂದುವುದೇ ನೋಡಬೇಕು. ಗಾತ್ರವನ್ನು ಎಂಬಿಯಲ್ಲಲ್ಲ, ಬೈಟುಗಳಲ್ಲಿ ನೋಡಬೇಕು. ಇನ್ನೂ ಖಚಿತವಾಗಬೇಕೆಂದರೆ ಪರಿಶೀಲನಾಮೊತ್ತ ತೆಗೆಯಬಹುದು. ಕಡತದ ಪ್ರತಿಯೊಂದು ಬೈಟನ್ನೂ ಗಣನೆಗೆ ತೆಗೆದುಕೊಂಡು ಒಂದು ಚಿಕ್ಕ ಗುರುತನ್ನು ಕೊಡುವ ಲೆಕ್ಕವಿದು. ಒಂದು ಬಿಟ್ಟು ವ್ಯತ್ಯಾಸವಾದರೂ ಗುರುತು ಪೂರ್ತಿ ಬದಲಾಗುತ್ತದೆ. ವಿಂಡೋಸಿನಲ್ಲಿ ಸರ್ಟ್‌ಯುಟಿಲ್ ಎಂಬ ಆಜ್ಞೆ ಇದನ್ನು ಮಾಡಿಕೊಡುತ್ತದೆ. ಹೊಸದೆಂದು ಭಾವಿಸಬೇಡಿ. ಜೈನ ಹಸ್ತಪ್ರತಿಗಳ ಕೊನೆಯಲ್ಲಿ ‘ಇಷ್ಟು ಗ್ರಂಥ’ ಎಂದು ಸಂಖ್ಯೆ ಬರೆಯುವ ಪದ್ಧತಿಯಿತ್ತು. ಗ್ರಂಥ ಎಂದರೆ ಅಲ್ಲಿ 32 ಅಕ್ಷರಗಳ ಒಂದು ಅಳತೆ. ಪ್ರತಿಯಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಎಣಿಕೆ ತಪ್ಪುತ್ತಿತ್ತು. ಎಂಡಿ5 ಎಂಬ ಪರಿಶೀಲನಾಮೊತ್ತವನ್ನು ಬರೆಯುವುದೂ 32 ಚಿಹ್ನೆಗಳಲ್ಲಿ. ಕಾಕತಾಳೀಯವೇ, ಆದರೂ ಸೊಗಸು.

ಹಳೆಯ ಯಂತ್ರ ತೆರೆಯುವುದೇ ಇಲ್ಲವೆಂದಾದರೆ ಎಲ್ಲವೂ ಹೋಯಿತೆಂದು ಕೈಚೆಲ್ಲಬೇಡಿ. ಕೆಟ್ಟಿರುವುದು ವಿದ್ಯುತ್ತಿನ ಭಾಗವೋ ಮದರ್‌ಬೋರ್ಡೋ ಆಗಿದ್ದು ಹಾರ್ಡ್ ಡಿಸ್ಕ್ ಸರಿಯಾಗಿರುವುದು ಸಾಮಾನ್ಯ. ಅದನ್ನು ಬಿಚ್ಚಿ, ಯುಎಸ್‌ಬಿ ಮೂಲಕ ಸೇರಿಸುವ ಒಂದು ಸಣ್ಣ ಪೆಟ್ಟಿಗೆಯಲ್ಲಿಟ್ಟರೆ ಹೊಸ ಯಂತ್ರದಲ್ಲಿ ಹೊರಗಿನ ಡಿಸ್ಕಿನಂತೆಯೇ ತೆರೆದುಕೊಳ್ಳುತ್ತದೆ. ಡಿಸ್ಕಿನಿಂದಲೇ ಟಕಟಕ ಸದ್ದು ಬರುತ್ತಿದ್ದರೆ ಮಾತ್ರ ಮತ್ತೆ ಮತ್ತೆ ಚಾಲೂ ಮಾಡದೆ ಬಲ್ಲವರಿಗೆ ಒಪ್ಪಿಸಬೇಕು. ಚಂದಾ ಕಟ್ಟಿ ಕೇಳುವ ಆಪ್‌ಗಳಲ್ಲಿ ‘ಡೌನ್‌ಲೋಡ್’ ಆದ ಹಾಡುಗಳನ್ನು ಹೀಗೆ ಸಾಗಿಸಲಾಗದು. ಅವು ಬೀಗ ಹಾಕಿದ ಕಡತಗಳು, ಹೊಸ ಯಂತ್ರದಲ್ಲಿ ಖಾತೆ ತೆರೆದು ಮತ್ತೆ ಇಳಿಸಿಕೊಳ್ಳುವುದೊಂದೇ ದಾರಿ.

ಹೊಸ ಯಂತ್ರದಲ್ಲಿ ಎಲ್ಲ ಸರಿಯಾಗಿ ನುಡಿಯತೊಡಗಿದ ಮೇಲೂ ಹಳೆಯದನ್ನು ಕೂಡಲೇ ಅಳಿಸಬೇಡಿ. ಒಂದೆರಡು ತಿಂಗಳು ಇರಲಿ. ಯಾವ ಪ್ಲೇಲಿಸ್ಟ್ ಬಂದಿಲ್ಲ, ಯಾವ ಕಡತ ಅರ್ಧಕ್ಕೆ ನಿಂತಿದೆ ಎಂಬುದು ಬಳಸುತ್ತ ಹೋದಂತೆ ತಿಳಿಯುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿದ ಅತ್ತಿಮಬ್ಬೆಯಷ್ಟು ಉದಾರಿಗಳು ನಾವಾಗಬೇಕಿಲ್ಲ. ಬೇರೆ ಬೇರೆ ಮನೆಗಳಲ್ಲಿ ಇನ್ನೆರಡು ಪ್ರತಿಗಳಿದ್ದರೆ ಸಾಕು. ಆ ಅವಧಿಯಲ್ಲಿ ಒಂದು ಚಿಕ್ಕ ಕೆಲಸವನ್ನೂ ಮಾಡಿ ಮುಗಿಸಬಹುದು. ಕ್ಯಾಸೆಟ್ಟಿನ ಡಬ್ಬಿಯೊಳಗಿನ ಕಾಗದದ ಮೇಲೆ ಮನೆಯವರು ಪೆನ್ನಿನಲ್ಲಿ ಬರೆದ ಪ್ರಸಂಗ, ಹೆಸರು, ಊರು, ತಾರೀಕು ಇರುತ್ತದಲ್ಲ, ಅದರ ಒಂದು ಛಾಯಾಚಿತ್ರ ತೆಗೆದು, ಹಾಡಿನ ಕ್ರಮಸಂಖ್ಯೆಯನ್ನೇ ಅದಕ್ಕೂ ಕೊಟ್ಟು, ಅದೇ ಫೋಲ್ಡರಿನಲ್ಲಿ ಇಡಿ. ಕ್ಯಾಸೆಟ್ ಗುಜರಿಗೆ ಹೋಗುವ ಮುನ್ನ.